ಕೆರೆ ಏರಿ ರಸ್ತೆಯ ಒಂದೇ ಜಾಗದಲ್ಲಿ ಬಾವಲಿಗಳು ಸಾಯುತ್ತಿರುವುದು ಯಾಕೆ?

ತೋಪಿನಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ನನಗೆ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್. ಕೋಲಾರದವರೆಗೆ ಬೈಕು, ಅಲ್ಲಿಂದ ಕಂಪನಿ ಬಸ್ಸು. ಹಾಗಾಗಿ ಇನ್ನೂ ಕತ್ತಲೆ ಇರುವಾಗಲೇ ಮನೆ ಬಿಡಬೇಕು.

ಊರು ದಾಟಿದ ಮೇಲೆ ರಸ್ತೆ ಕೆರೆ ಏರಿ ಮೇಲೆ ಹೋಗುತ್ತದೆ. ಏರಿ ಮುಗಿದು ಹೊಂಗೆ ಮರಗಳ ಸಾಲು ಶುರುವಾಗುವ ಕಡೆ, ಒಂದು ಕೂಗಳತೆ ದೂರದೊಳಗೆ, ಸತ್ತ ಬಾವಲಿಗಳು ಬಿದ್ದಿರುತ್ತವೆ. ಹೆಚ್ಚಿನವು ಹೆಬ್ಬೆಟ್ಟಿನಷ್ಟು ಮೈಯ ಸಣ್ಣವು. ಆಗಾಗ ನಾಯಿ ಮೂತಿಯ, ಕತ್ತು ಕೆಂಚಗಿರುವ ದೊಡ್ಡವೂ ಇರುತ್ತವೆ. ಮೊದಲು ಇಷ್ಟು ಇರಲಿಲ್ಲ. ರಸ್ತೆ ಅಗಲ ಮಾಡಿ ಡಾಂಬರು ಹಾಕಿದ ಮೇಲೆ ಜಾಸ್ತಿಯಾಗಿದೆ.

ಸ್ಪೀಡಿನಿಂದ ಅಂತಾದರೆ ಮುಂದಿನ ನೇರ ರಸ್ತೆಯಲ್ಲಿ ಗಾಡಿಗಳು ಇನ್ನೂ ಜೋರಾಗಿ ಹೋಗುತ್ತವೆ. ಅಲ್ಲಿ ಒಂದೂ ಕಾಣಲ್ಲ. ಇಲ್ಲಿ ಮಾತ್ರ ಯಾಕೆ? ಗೊತ್ತಿರುವವರು ಹೇಳಿ.

ಸುಮ್ನೆ_ಒಬ್ಬ
ಸ್ಪೀಡು. ಮುಗೀತು. ಮುಂದಿನ ಪ್ರಶ್ನೆ?

ತೋಪಿನಮನೆ
ಅಣ್ಣಾ, ಕೊನೆ ಪ್ಯಾರಾ ಓದಿಲ್ಲ ಅನ್ಸುತ್ತೆ.

ವಡ್ಡಹಳ್ಳಿ_ಲೋಡು
ನಾನು ವಡ್ಡಹಳ್ಳಿ ಮಾರ್ಕೆಟ್ಟಿನಿಂದ ಟೊಮೆಟೊ ಲೋಡು ಹೊಡೆಯೋನು. ರಾತ್ರಿ ಡ್ಯೂಟಿನೇ ಜಾಸ್ತಿ. ಸಣ್ಣ ಬಾವಲಿ ಗ್ಲಾಸಿಗೆ ಬಡಿಯೋದು ಹೊಸದೇನಲ್ಲ. ಆದರೆ ಫುಲ್ ಲೋಡಿದ್ದಾಗ ನಮ್ಮ ಗಾಡಿ 50 ದಾಟಲ್ಲ, ಆಗಲೂ ಬಡಿಯುತ್ತವೆ. ಹಾಗಾಗಿ ಬರೀ ಸ್ಪೀಡು ಅಂದರೆ ನಾನು ಒಪ್ಪಲ್ಲ.

ನಾನು ಗಮನಿಸಿದ್ದು ಒಂದು. ಬಯಲಲ್ಲಿ ಬಡಿಯಲ್ಲ. ಎರಡೂ ಕಡೆ ಮರ ಇದ್ದು ಮಧ್ಯೆ ಖಾಲಿ ಬರುತ್ತಲ್ಲ, ಅಂಥ ಕಡೆ. ಆಮೇಲೆ ಮೋರಿ ಹತ್ತಿರ. ಹೆಡ್‌ಲೈಟ್ ಎತ್ತರಕ್ಕೇ ಬರುತ್ತವೆ, ಮೇಲಿಂದ ಅಲ್ಲ. ಕೆಲವು ಗಾಡಿಗೆ ತಾಗುವುದೇ ಇಲ್ಲ, ದೊಡ್ಡ ಲಾರಿ ಹೋದಾಗ ಪಕ್ಕದ ಗಾಳಿಗೇ ಮಗುಚಿ ಬೀಳೋದನ್ನ ಹಿಂದಿನಿಂದ ನೋಡಿದೀನಿ.

ಕಂಬದಮೇಲಿನವ
ದೊಡ್ಡ ಬಾವಲಿಗಳ ವಿಷಯದಲ್ಲಿ ಗಾಡಿಯವರ ಮೇಲೆ ತಪ್ಪು ಹೊರಿಸಬೇಡಿ. ನಾನು ಲೈನ್‌ಮ್ಯಾನ್ ಕೆಲಸ ಮಾಡಿದವನು. ಅವು ರೆಕ್ಕೆ ಬಿಚ್ಚಿದರೆ ನಾಲ್ಕಡಿಗೂ ಮೇಲೆ. ಹನ್ನೊಂದು ಕೆವಿ ಲೈನಿನಲ್ಲಿ ಎರಡು ತಂತಿಗೆ ಒಟ್ಟಿಗೆ ರೆಕ್ಕೆ ತಾಗಿದರೆ ಅಲ್ಲೇ ಮುಗೀತು. ಕೆಲವು ತಂತಿಯಲ್ಲೇ ಜೋತು ಬೀಳುತ್ತವೆ, ಕೆಲವು ಕೆಳಗೆ ರಸ್ತೆಗೆ ಬೀಳುತ್ತವೆ. ಆಮೇಲೆ ಅದರ ಮೇಲೆ ಗಾಡಿ ಹತ್ತುತ್ತದೆ. ನೋಡಿದವರು ಗಾಡಿ ಹೊಡೆದು ಸತ್ತಿದೆ ಅಂತಾರೆ.

ರೆಕ್ಕೆ ತುದಿ, ಕಾಲು, ಬಾಯಿ ನೋಡಿ. ಸುಟ್ಟ ಗುರುತಿದ್ದರೆ ಕರೆಂಟು. ಮೂಳೆ ಮುರಿದು ಸುಟ್ಟ ಗುರುತಿಲ್ಲದಿದ್ದರೆ ಗಾಡಿ. ಮೊದಲು ಇದನ್ನ ಬೇರೆ ಮಾಡಿಕೊಂಡು ಮಾತಾಡಿ.

ತೋಪಿನಮನೆ
ಒಳ್ಳೆ ಪಾಯಿಂಟ್ ಸಾರ್. ಲೈನು ರಸ್ತೆಯ ತೋಪಿನ ಕಡೆ ಇದೆ, ಕೆರೆ ಕಡೆ ಇಲ್ಲ. ದೊಡ್ಡವು ಎರಡೂ ಕಡೆ ಬಿದ್ದಿರುತ್ತವೆ. ಇನ್ನು ಮೇಲೆ ಸುಟ್ಟ ಗುರುತು ನೋಡುತ್ತೇನೆ. ಆದರೆ ಸಣ್ಣವಕ್ಕೆ ಕರೆಂಟಿನ ಲೆಕ್ಕ ಕೂಡಲ್ಲ ಅಲ್ವಾ? ಅವುಗಳ ರೆಕ್ಕೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಕಂಬದಮೇಲಿನವ
ಸಣ್ಣವಕ್ಕೆ ಕೂಡಲ್ಲ. ಅದು ನಿಮ್ಮ ಗಾಡಿಯವರದ್ದೇ.

ರಾಯಲ್ಪಾಡು_ಬುಲೆಟ್
ನಾನು ಅದೇ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ. ಒಂದೇ ಒಂದು ಸತ್ತ ಬಾವಲಿ ನೋಡಿಲ್ಲ. ಸುಮ್ನೆ ಏನೋ ಒಂದು ನೋಡಿ ಪೋಸ್ಟ್ ಹಾಕೋದು.

ತೋಪಿನಮನೆ
ನೀವು ಎಷ್ಟೊತ್ತಿಗೆ ಹೋಗೋದು?

ರಾಯಲ್ಪಾಡು_ಬುಲೆಟ್
ಒಂಬತ್ತೂವರೆ.

ತೋಪಿನಮನೆ
ಅಷ್ಟೊತ್ತಿಗೆ ನಾಯಿ, ಕಾಗೆ, ಮುಂಗುಸಿ ಎಲ್ಲಾ ಊಟ ಮುಗಿಸಿ ಹೋಗಿರುತ್ತವೆ ಗುರು.

ಮುಸ್ಸಂಜೆ
ಈ ಚರ್ಚೆ ನೋಡಿ ಖುಷಿಯಾಯಿತು. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ, ಊರು ಕೋಲಾರ. ಬಾವಲಿ ಬಗ್ಗೆ ಸ್ವಲ್ಪ ಓದಿದ್ದೇನೆ. ಉದ್ದ ಆಗುತ್ತೆ, ಬೈಯಬೇಡಿ.

ಮೊದಲು ಈ ಒಂಬತ್ತೂವರೆ ವಿಷಯ. ಅದು ತಮಾಷೆಯಲ್ಲ. ಬಾವಲಿಯ ಹೆಣ ರಸ್ತೆಯಲ್ಲಿ ಉಳಿಯುವುದೇ ಕಡಿಮೆ. ಪೋರ್ಚುಗಲ್‌ನಲ್ಲಿ ರಸ್ತೆ ಮೇಲೆ ಸತ್ತ ಪ್ರಾಣಿಗಳು ಎಷ್ಟು ಹೊತ್ತು ಇರುತ್ತವೆ ಅಂತ ನೋಡಿದಾಗ ಬಾವಲಿಯಂಥ ಸಣ್ಣವು ಹೆಚ್ಚಾಗಿ ಒಂದು ದಿನದೊಳಗೇ ಕಾಣೆಯಾಗಿದ್ದವು. ಹಗಲು ಹೊತ್ತು ಎಣಿಸಿದರೆ ಲೆಕ್ಕ ತುಂಬಾ ಕಡಿಮೆ ಬರುತ್ತದೆ. ಗಾಡಿಗೆ ಬಡಿದು ಪಕ್ಕದ ಪೊದೆಗೆ ಹಾರಿ ಬಿದ್ದದ್ದು ಯಾರ ಲೆಕ್ಕಕ್ಕೂ ಸಿಗಲ್ಲ.

ಈಗ ಯಾಕೆ ಅಲ್ಲೇ ಅನ್ನುವುದಕ್ಕೆ ಬರೋಣ. ಲೋಡು ಅಣ್ಣ ಹೇಳಿದ್ದು ಸರಿಯಾಗಿದೆ. ಸಣ್ಣ ಬಾವಲಿಗಳು ಮನಸ್ಸಿಗೆ ಬಂದ ಕಡೆ ಹಾರಲ್ಲ. ಮರದ ಸಾಲು, ಬೇಲಿ, ಕಾಲುವೆ, ಏರಿ ಇಂಥದ್ದನ್ನು ಹಿಡಿದುಕೊಂಡು ದಿನಾ ಅದೇ ದಾರಿಯಲ್ಲಿ ಹೋಗುತ್ತವೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ದೊಡ್ಡ ನೆಲೆಯಿಂದ ಹೊರಟ ಬಾವಲಿಗಳು ಹೆದ್ದಾರಿಯನ್ನು ಎಲ್ಲಿ ದಾಟುತ್ತವೆ ಅಂತ ಸಂಜೆ ಸಂಜೆ ಕೂತು ಎಣಿಸಿದ್ದರು. 2009ರಲ್ಲಿ ಅದು ಪ್ರಕಟವಾಯಿತು. ಬಯಲಿದ್ದ ಕಡೆ ದಾಟಿದ್ದು ಕಡಿಮೆ. ಮರಗಳು ರಸ್ತೆ ಅಂಚಿನವರೆಗೆ ಬಂದಿದ್ದ ಕಡೆಯೇ ಹೆಚ್ಚು. ಪಕ್ಕದ ಮರ ಎತ್ತರ ಇದ್ದರೆ ಎತ್ತರದಲ್ಲೇ ದಾಟಿದವು. ಮರ ಗಿಡ್ಡವಾದಷ್ಟೂ ಇವು ಕೆಳಗಿಳಿದವು, ಗಾಡಿಗಳ ಮಟ್ಟಕ್ಕೇ.

ನಿಮ್ಮ ಪೋಸ್ಟಿನಲ್ಲಿ ರಸ್ತೆ ಅಗಲ ಮಾಡಿದ್ದಾರೆ ಅಂತಿದೆ. ಆಗ ಹೊಂಗೆ ಸಾಲಿನ ಒಂದಷ್ಟು ಮರ ಕಡಿದಿರಬೇಕಲ್ವಾ? ಮೊದಲು ಎರಡೂ ಕಡೆಯ ಕೊಂಬೆ ಮೇಲೆ ಸೇರಿಕೊಂಡಿದ್ದಾಗ ಇವು ಕೊಂಬೆಯ ಮಟ್ಟದಲ್ಲೇ ದಾಟುತ್ತಿದ್ದವು. ಈಗ ಅಲ್ಲಿ ಆಕಾಶ ತೆರೆದುಕೊಂಡಿದೆ. ಗೂಬೆಗೆ ಸಿಗಬಾರದು, ಗಾಳಿಗೂ ಸಿಗಬಾರದು ಅಂತ ಕೆಳಗೆ ನುಗ್ಗುತ್ತವೆ.

ಸ್ಪೀಡು ಲೆಕ್ಕಕ್ಕಿಲ್ಲ ಅಂತಲ್ಲ. ಕೀಟ ತಿನ್ನುವ ಬಾವಲಿ ಕೂಗಿ ಅದರ ಮಾರ್ದನಿಯಿಂದ ಎದುರಿಗಿರುವುದನ್ನು ತಿಳಿಯುತ್ತದೆ. ಅದು ಹತ್ತಿರದ ಕೆಲಸಕ್ಕೆ ಇರುವ ವ್ಯವಸ್ಥೆ. ಸಣ್ಣ ಹುಳ ಗೊತ್ತಾಗುವುದು ಕೆಲವೇ ಮೀಟರ್ ದೂರದಿಂದ. 80ರಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಬರುತ್ತದೆ. ಹುಳದ ಮೇಲೆ ಗಮನ ಇಟ್ಟು ತಿರುಗುತ್ತಿರುವ ಬಾವಲಿಗೆ ಗೊತ್ತಾಗುವಷ್ಟರಲ್ಲಿ ಕಾರು ಬಂದೇ ಬಿಟ್ಟಿರುತ್ತದೆ. ಅಂದರೆ ಸ್ಪೀಡು ಕೊಲ್ಲುತ್ತದೆ, ಆದರೆ ಬಾವಲಿ ದಾಟುವ ಕಡೆ ಮಾತ್ರ. ನಿಮ್ಮ ನೇರ ರಸ್ತೆಯಲ್ಲಿ ದಾಟುವ ಬಾವಲಿಯೇ ಇಲ್ಲದಿದ್ದರೆ 120ರಲ್ಲಿ ಹೋದರೂ ಸಾಯಲ್ಲ.

ಸುಮ್ನೆ_ಒಬ್ಬ
ಕೊನೆಗೂ ಸ್ಪೀಡೇ ಅಂದ್ರಲ್ಲ 😄

ಚಿಂತಾಮಣಿ_ಚಿಕ್ಕು
ಮೇಡಂ, ಪೆನ್ಸಿಲ್ವೇನಿಯಾ, ಪೋರ್ಚುಗಲ್ ಎಲ್ಲಾ ಸರಿ. ಅಲ್ಲಿನ ಬಾವಲಿ ಬೇರೆ, ಅಲ್ಲಿನ ರಸ್ತೆ ಬೇರೆ. ನಮ್ಮ ಊರಿನ ರಸ್ತೆಯಲ್ಲಿ ಗುಂಡಿಗಳೇ ಸ್ಪೀಡ್ ಕಂಟ್ರೋಲ್ ಮಾಡುತ್ತವೆ. ಫಾರಿನ್ ಕಥೆ ತಂದು ಇಲ್ಲಿಗೆ ಅಂಟಿಸಿದರೆ ಹೇಗೆ?

ಮುಸ್ಸಂಜೆ
ನ್ಯಾಯವಾದ ಮಾತು. ಹೆಚ್ಚಿನ ಅಧ್ಯಯನ ಯುರೋಪು, ಅಮೆರಿಕದ್ದೇ. ಆದರೆ ಅಲ್ಲಿ ಕಂಡ ಲಕ್ಷಣಗಳನ್ನು ಇಲ್ಲಿನ ಬಾವಲಿಗೆ ಹೊಂದಿಸಿ ನೋಡಬಹುದು. 2016ರಲ್ಲಿ ಬ್ರಿಟನ್‌ನ ಇಬ್ಬರು ಯುರೋಪಿನ ರಸ್ತೆ ಸಾವುಗಳ ದಾಖಲೆಯನ್ನೆಲ್ಲ ಒಟ್ಟು ಹಾಕಿ ನೋಡಿದರು. ತಗ್ಗಿನಲ್ಲಿ ಹಾರುವ ಜಾತಿಗಳು ಎತ್ತರದಲ್ಲಿ ಹಾರುವುದಕ್ಕಿಂತ ಜಾಸ್ತಿ ಸಿಕ್ಕಿಬೀಳುತ್ತವೆ. ಮರಿ ದಾಟಿ ಹೊಸದಾಗಿ ಹಾರಲು ಕಲಿತವು ಪೂರ್ತಿ ಬೆಳೆದವಕ್ಕಿಂತ ಜಾಸ್ತಿ. ಹೆಣ್ಣಿಗಿಂತ ಗಂಡು ಜಾಸ್ತಿ.

ಈಗ ನಮ್ಮ ಕಡೆ ತಗ್ಗಿನಲ್ಲಿ ಹಾರುವುದು ಯಾವುದು? ಹಳೇ ದೇವಸ್ಥಾನ, ಪಾಳು ಮಂಟಪದಲ್ಲಿ ಇರುವ ಉದ್ದ ಕಿವಿಯ ಬೂದು ಬಣ್ಣದ ಬಾವಲಿ ನೋಡಿದ್ದೀರಾ? ಅದು ಕಪ್ಪೆ, ಹಲ್ಲಿ, ಇಲಿ, ದೊಡ್ಡ ಹುಳ ತಿನ್ನುತ್ತದೆ. ನೆಲದಿಂದ ಹೆಚ್ಚೆಂದರೆ ಸೊಂಟದ ಎತ್ತರದಲ್ಲಿ ಹಾರಾಡಿ ಬೇಟೆಯಾಡುತ್ತದೆ. ಮಳೆ ಬಿದ್ದ ರಾತ್ರಿ ಕೆರೆ ಏರಿ ರಸ್ತೆ ಮೇಲೆ ಕಪ್ಪೆಗಳು ಎಷ್ಟಿರುತ್ತವೆ ಅಂತ ನಿಮಗೇ ಗೊತ್ತು.

ಮೇಷ್ಟ್ರು_ಮುಳಬಾಗಿಲು
ಆ ಉದ್ದ ಕಿವಿಯವು ನಮ್ಮ ಆವನಿ, ಕುರುಡುಮಲೆ ಕಡೆಯ ಹಳೇ ಕಟ್ಟಡಗಳ ಕತ್ತಲೆಯಲ್ಲಿ ಇರುತ್ತವೆ. ಕೆಳಗೆ ಹುಳದ ರೆಕ್ಕೆ, ಕಪ್ಪೆ ಕಾಲು ಉದುರಿರುತ್ತೆ. ಮಕ್ಕಳಿಗೆ ತೋರಿಸುತ್ತೇನೆ, ಮೂಗು ಮುಚ್ಚಿಕೊಂಡು ನೋಡುತ್ತಾರೆ.

ಸಂಜೆಯ ಸಮಯವನ್ನೂ ಸೇರಿಸಿಕೊಳ್ಳಿ. ಸೂರ್ಯ ಮುಳುಗಿದ ಅರ್ಧ, ಮುಕ್ಕಾಲು ಗಂಟೆಯಲ್ಲಿ ಬಾವಲಿಗಳು ಹೊರಡುತ್ತವೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಕತ್ತಲು, ಜೂನ್‌ನಲ್ಲಿ ಆರೂಮುಕ್ಕಾಲು ಆಗುತ್ತದೆ. ಶಿಫ್ಟ್ ಬಸ್ಸು, ಹಾಲಿನ ವ್ಯಾನು, ಸಂತೆ ಮುಗಿಸಿ ಬರುವವರು ಎಲ್ಲರೂ ಅದೇ ಹೊತ್ತಿಗೆ ರಸ್ತೆಯಲ್ಲಿ ಇರುತ್ತಾರೆ. ನಡುರಾತ್ರಿ ಗಾಡಿ ಕಡಿಮೆ, ಬಾವಲಿಯೂ ಮೇಯುವ ಜಾಗದಲ್ಲಿ ಇರುತ್ತದೆ. ಮತ್ತೆ ಬೆಳಗಿನ ಜಾವ ವಾಪಸ್ ಬರುವಾಗ ಶೀಡ್ಲಘಟ್ಟಕ್ಕೆ ರೇಷ್ಮೆ ಗೂಡು ತಗೊಂಡು ಹೋಗುವವರು, ತರಕಾರಿ ಗಾಡಿಗಳು.

ಬಾದಾಮಿತೋಟ
ಎಲ್ಲರೂ ಬಾವಲಿ ಮೇಲೆ ಕಣ್ಣೀರು ಹಾಕ್ತಿದೀರಲ್ಲ, ನಮ್ಮ ತೋಟಕ್ಕೆ ಬನ್ನಿ ಈ ಸೀಸನ್‌ನಲ್ಲಿ. ಬೆಳಗ್ಗೆ ಎದ್ದು ನೋಡಿದರೆ ಮರದಡಿ ಅರ್ಧ ಕಚ್ಚಿದ ಮಾವು. ಮೊದಲೇ ತೋತಾಪುರಿಗೆ ರೇಟಿಲ್ಲ. ಸತ್ತರೆ ಸಾಯಲಿ ಬಿಡಿ. ರೈತ ಸತ್ತಾಗ ಯಾರೂ ಇಷ್ಟುದ್ದ ಬರೆಯಲಿಲ್ಲ.

ಮುಸ್ಸಂಜೆ
ಅಣ್ಣ, ನಿಮ್ಮ ಸಂಕಟ ಸುಳ್ಳು ಅಂತ ಹೇಳಲ್ಲ. ಆದರೆ ಮಾರ್ಕೆಟ್ಟಿಗೆ ಹೋಗುವ ಮಾವನ್ನು ನೀವು ಬಲಿತ ಕಾಯಾಗಿ ಕೀಳುತ್ತೀರಿ. ಬಾವಲಿ ಹುಡುಕುವುದು ಮರದಲ್ಲೇ ಹಣ್ಣಾಗಿದ್ದನ್ನು. ಕಚ್ಚಿದ್ದರಲ್ಲಿ ಎಷ್ಟು ನೀವು ಮಾರುತ್ತಿದ್ದದ್ದು, ಎಷ್ಟು ಹೇಗೂ ಉದುರುತ್ತಿದ್ದದ್ದು?

ಇನ್ನೊಂದು, ರಸ್ತೆಯಲ್ಲಿ ಜಾಸ್ತಿ ಸಾಯುತ್ತಿರುವುದು ನಿಮ್ಮ ಮಾವು ಮುಟ್ಟದ ಸಣ್ಣ ಬಾವಲಿ. ಅದರ ಊಟ ಸೊಳ್ಳೆ, ಪತಂಗ, ಜೀರುಂಡೆ. ನಿಮ್ಮ ಬೆಳೆಗೆ ಬೀಳುವ ಹುಳುಗಳ ತಾಯಿ ಪತಂಗಗಳನ್ನೇ ರಾತ್ರಿ ಹಿಡಿದು ತಿನ್ನುತ್ತವೆ.

ಬಾದಾಮಿತೋಟ
ಔಷಧಿ ಹೊಡೆಯೋನು ನಾನೇ ಅಲ್ವಾ. ಬಾವಲಿ ಇದ್ರೂ ಹೊಡೀಬೇಕು, ಇಲ್ದಿದ್ರೂ ಹೊಡೀಬೇಕು. ಮಾವನ್ನ ಬಿಡಿ, ಸಪೋಟ, ಸೀಬೆಗೆ ಏನಂತೀರಿ? ಅದನ್ನ ಕಾಯಲ್ಲಿ ಕಚ್ಚಲ್ಲ ಅಂತ ಯಾರು ಹೇಳಿದ್ದು?

ದ್ರಾಕ್ಷಿಚಪ್ಪರ
ಚಿಕ್ಕಬಳ್ಳಾಪುರ ಕಡೆ ನಾವು ದ್ರಾಕ್ಷಿಗೆ ಬಲೆ ಹಾಕುತ್ತೇವೆ. ಖರ್ಚು ಜಾಸ್ತಿ, ಆದರೆ ಹಣ್ಣು ಉಳಿಯುತ್ತದೆ. ಬಲೆ ಬಿಗಿಯಾಗಿ ಕಟ್ಟಬೇಕು. ಸಡಿಲ ಬಿಟ್ಟರೆ ಬಾವಲಿ ಸಿಕ್ಕಿಕೊಳ್ಳುತ್ತೆ, ಬಿಡಿಸೋಕೆ ಹೋದರೆ ಕಚ್ಚುತ್ತೆ. ನಮ್ಮ ಹುಡುಗನೊಬ್ಬ ಕಚ್ಚಿಸಿಕೊಂಡು ರೇಬಿಸ್ ಇಂಜೆಕ್ಷನ್ ಪೂರ್ತಿ ಹಾಕಿಸಿಕೊಂಡ.

ಕೆಜಿಎಫ್_ಕಾರ್ತಿ
ಬಾವಲಿ ಅಂದ್ರೆ ನಿಫಾ. ಊರಿಂದ ಓಡಿಸೋದೇ ಸರಿ.

ಮೇಷ್ಟ್ರು_ಮುಳಬಾಗಿಲು
2018ರಲ್ಲಿ ಕೇರಳದಲ್ಲಿ ನಿಫಾ ಬಂದಾಗಿನಿಂದ ಈ ಮಾತು ಕೇಳಿ ಸಾಕಾಗಿದೆ. ದೊಡ್ಡ ಹಣ್ಣು ಬಾವಲಿಗಳಲ್ಲಿ ಆ ವೈರಸ್ ಇರುವುದು ನಿಜ. ಅದಕ್ಕೆ ಮಾಡಬೇಕಾದ್ದು ಕಚ್ಚಿದ ಹಣ್ಣು ತಿನ್ನದೇ ಇರುವುದು, ಬರಿಗೈಯಲ್ಲಿ ಮುಟ್ಟದೇ ಇರುವುದು. ಮರ ಕಡಿದು, ಪಟಾಕಿ ಹೊಡೆದು ಓಡಿಸಿದರೆ ಅವು ಪಕ್ಕದ ಊರಿಗೆ ಹೋಗುತ್ತವೆ, ಬೆದರಿ ಇನ್ನಷ್ಟು ರೋಗ ಹರಡಬಹುದು. ವಿಷಯಕ್ಕೆ ಬನ್ನಿ.

ರಾಯಲ್ಪಾಡು_ಬುಲೆಟ್
ಬಾವಲಿಯನ್ನ ಸರ್ಕಾರನೇ ಉಪದ್ರವಿ ಪ್ರಾಣಿ ಅಂತ ಪಟ್ಟಿ ಮಾಡಿತ್ತಲ್ಲ. ಇಲಿ, ಕಾಗೆ ಜೊತೆ.

ಮುಸ್ಸಂಜೆ
ಮಾಡಿತ್ತು, ಈಗಿಲ್ಲ. 1972ರ ವನ್ಯಜೀವಿ ಕಾಯ್ದೆಯ ಐದನೇ ಶೆಡ್ಯೂಲಿನಲ್ಲಿ ಹಣ್ಣು ಬಾವಲಿಗಳು ಇದ್ದವು. 2022ರ ತಿದ್ದುಪಡಿಯಲ್ಲಿ ಆ ಉಪದ್ರವಿಗಳ ಪಟ್ಟಿಯನ್ನೇ ತೆಗೆದರು. ದೊಡ್ಡ ಹಣ್ಣು ಬಾವಲಿ ಈಗ ಎರಡನೇ ಶೆಡ್ಯೂಲಿನಲ್ಲಿದೆ. ಹೊಡೆದರೆ ಕೇಸು.

ಬಾದಾಮಿತೋಟ
ಅಲ್ಲಿಗೆ ನಾವೇ ಕಳ್ಳರು 🙏

ವಡ್ಡಹಳ್ಳಿ_ಲೋಡು
ಮಾವಿನ ಜಗಳ ಬೇರೆ ಕಡೆ ಇಟ್ಟುಕೊಳ್ರಪ್ಪಾ. ನನಗೊಂದು ಡೌಟು. ನಮ್ಮ ಕಡೆ ಊರ ಬಾಗಿಲಲ್ಲಿ ಬಿಳಿ ಎಲ್‌ಇಡಿ ಲೈಟ್ ಹಾಕಿದ್ದಾರೆ. ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಎದ್ದು ಅದರ ಸುತ್ತ ಮುತ್ತಿಕೊಂಡಿರುತ್ತೆ. ವೈಪರ್ ಹಾಕಿದರೆ ಗ್ಲಾಸೆಲ್ಲ ಗಬ್ಬು. ಬಾವಲಿ ಅಲ್ಲಿಗೂ ಬರುತ್ತವೆ. ಲೈಟ್ ಇದ್ದರೆ ಒಳ್ಳೆಯದಾ ಕೆಟ್ಟದ್ದಾ?

ಮುಸ್ಸಂಜೆ
ಬಾವಲಿ ಯಾವುದು ಅನ್ನುವುದರ ಮೇಲೆ ಹೋಗುತ್ತೆ ಅಣ್ಣ. ಬಿಳಿ ಬೆಳಕು, ಅದರಲ್ಲೂ ನೀಲಿ ಅಂಶ ಜಾಸ್ತಿ ಇರುವುದು ಹುಳಗಳನ್ನು ಎಳೆಯುತ್ತದೆ. ವೇಗವಾಗಿ ಹಾರುವ ಸಣ್ಣ ಬಾವಲಿಗಳಿಗೆ ಅದು ಹಬ್ಬದೂಟ. ಹುಳ ದೀಪದಿಂದ ಕೆಳಗೆ ಬಿದ್ದಾಗ ಅವೂ ರಸ್ತೆ ಮಟ್ಟಕ್ಕೆ ಇಳಿಯುತ್ತವೆ. ನಿಧಾನವಾಗಿ, ಪೊದೆ ಪಕ್ಕದಲ್ಲಿ ಹಾರುವ ಜಾತಿಗಳು ಬೆಳಕಿಗೆ ಹೆದರಿ ದೂರ ಹೋಗುತ್ತವೆ. ಆಗ ದಾರಿ ಬದಲಾಗಿ ಕತ್ತಲೆ ಇರುವ ಇನ್ಯಾವುದೋ ಕಡೆ ದಾಟುತ್ತವೆ. ನೆದರ್ಲೆಂಡ್ಸ್‌ನ ನಿಯೂಕೂಪ್‌ನಲ್ಲಿ 2018ರಲ್ಲಿ ಒಂದು ಬಡಾವಣೆಗೆ ಬಾವಲಿಗಾಗಿ ಕೆಂಪು ಬೀದಿದೀಪ ಹಾಕಿದರು.

ಸುಮ್ನೆ_ಒಬ್ಬ
ನಮ್ಮ ಪಂಚಾಯ್ತಿಯಲ್ಲಿ ಯಾವ ಬಣ್ಣದ್ದೂ ಉರಿಯಲ್ಲ. ಬಾವಲಿಗಳಿಗೆ ನಾವು ಆಗಲೇ ಸಹಾಯ ಮಾಡ್ತಿದೀವಿ.

ಸಿರಾಕಡೆ
ತುಮಕೂರಿನಿಂದ ಒಂದು ಮಾತು. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡು ಕೇಳಿರಬಹುದು, ಊರ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಜನ ಕಾಪಾಡುತ್ತಾರೆ. ಅದು ನೋಡೋಕೆ ಚೆಂದ, ಹಾಗಾಗಿ ಪೇಪರಿನಲ್ಲಿ ಬರುತ್ತೆ. ಬಾವಲಿ ಮರ ಇರುವ ಊರುಗಳೂ ಇವೆ, ಅಲ್ಲೂ ಜನ ಹಂಗೇ ಕಾಪಾಡುತ್ತಾರೆ, ಯಾರೂ ಫೋಟೊ ತೆಗೆಯಲ್ಲ.

ನಾನು ನೋಡಿದ್ದನ್ನ ಹೇಳುತ್ತೇನೆ. ಈ ಬೇಸಿಗೆಯಲ್ಲಿ ರಸ್ತೆ ಪಕ್ಕ ಒಂದು ದೊಡ್ಡ ಬಾವಲಿ ಸತ್ತು ಬಿದ್ದಿತ್ತು. ಬೈಕ್ ನಿಲ್ಲಿಸಿ ಕೋಲಿನಿಂದ ರೆಕ್ಕೆ ಸರಿಸಿದೆ. ರೆಕ್ಕೆ ಮಡಚಿದ ಹಳೇ ಕೊಡೆಯ ಬಟ್ಟೆಯ ಹಾಗಿತ್ತು, ಕಡ್ಡಿ ಒಂದು ಕಡೆ ಮುರಿದಿತ್ತು. ಒಳಗೆ ಕಂಕುಳ ಹತ್ತಿರ ಮರಿ. ಬದುಕಿದೆ. ಎರಡು ಕಾಲಿನ ಉಗುರು ತಾಯಿಯ ತುಪ್ಪಳಕ್ಕೆ ಕಚ್ಚಿಕೊಂಡು, ಬಾಯಿ ಮೊಲೆ ಬಿಟ್ಟಿಲ್ಲ. ಕಣ್ಣು ಬಿಟ್ಟು ನನ್ನನ್ನೇ ನೋಡ್ತಿದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿದೆ. ದಪ್ಪ ಟವೆಲ್‌ನಲ್ಲಿ ತಾಯಿ ಸಮೇತ ಸುತ್ತಿ ರಟ್ಟಿನ ಡಬ್ಬಿಯಲ್ಲಿ ಇಡಿ, ಎಳೆಯಬೇಡಿ ಅಂದರು. ಬಂದು ತಗೊಂಡು ಹೋದರು. ಉಳೀತಾ ಇಲ್ವಾ ಅಂತ ಕೇಳಬೇಡಿ.

ದ್ರಾಕ್ಷಿಚಪ್ಪರ
ಅಯ್ಯೋ ಪಾಪ.

ಮುಸ್ಸಂಜೆ
ಇದನ್ನೇ ಹೇಳಬೇಕು ಅಂದುಕೊಂಡಿದ್ದೆ. ದೊಡ್ಡ ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಮೊದಲ ಕೆಲವು ವಾರ ಮರಿಯನ್ನು ಹೊತ್ತುಕೊಂಡೇ ಹಾರುತ್ತದೆ. ಸಣ್ಣ ಬಾವಲಿಗಳಲ್ಲೂ ಹೆಚ್ಚಿನವು ವರ್ಷಕ್ಕೆ ಒಂದೋ ಎರಡೋ ಅಷ್ಟೇ. ಇಲಿಯಷ್ಟೇ ಗಾತ್ರ ಇದ್ದರೂ ಇಲಿಯಂತೆ ಹೆರುವುದಿಲ್ಲ, ಬದಲಿಗೆ ಬಹಳ ಕಾಲ ಬದುಕುತ್ತವೆ. ಸೈಬೀರಿಯಾದಲ್ಲಿ ಒಂದು ಸಣ್ಣ ಬಾವಲಿ 41 ವರ್ಷ ಬದುಕಿದ್ದು ದಾಖಲಾಗಿದೆ. ಹಾಗಾಗಿ ಒಂದು ನೆಲೆಯಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸತ್ತರೂ ತುಂಬಿಕೊಳ್ಳುವುದು ಕಷ್ಟ.

ಮೇಷ್ಟ್ರು_ಮುಳಬಾಗಿಲು
ನಮ್ಮ ತಾಲ್ಲೂಕಿನ ಹನುಮನಹಳ್ಳಿ ಹೆಸರು ಇಲ್ಲಿ ಬರಲೇಬೇಕು. ಕೋಲಾರ ಎಲೆಮೂಗಿನ ಬಾವಲಿ ಇಡೀ ಪ್ರಪಂಚದಲ್ಲಿ ಉಳಿದಿರುವುದು ಅಲ್ಲಿನ ಒಂದು ಗುಹೆಯಲ್ಲಿ ಮಾತ್ರ. ಇನ್ನೂರು ಕೂಡ ಇಲ್ಲ. 1994ರಲ್ಲಿ ವಿಜ್ಞಾನಕ್ಕೆ ಗೊತ್ತಾದ ಜಾತಿ, 2016ರಲ್ಲಿ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಅದರ ದೊಡ್ಡ ಶತ್ರು ಗ್ರಾನೈಟ್ ಗಣಿ. ಅದರ ಬಂಧುಗಳೆಲ್ಲ ಪೊದೆ ಪಕ್ಕ ನಿಧಾನವಾಗಿ, ತಗ್ಗಿನಲ್ಲಿ ಹಾರುವ ಕುಲದವು. ಆ ಗುಡ್ಡದ ಸುತ್ತ ರಸ್ತೆ, ಲೈಟು ಹಾಕುವಾಗ ಈ ಚರ್ಚೆಯಲ್ಲಿ ಬಂದದ್ದನ್ನೆಲ್ಲ ಯೋಚನೆ ಮಾಡಬೇಕು. ಅಷ್ಟೇ ನಾನು ಹೇಳೋದು.

ಕೆಜಿಎಫ್_ಕಾರ್ತಿ
ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ಕಡೆ ಬೇತಮಂಗಲದ ತನಕ ಓಪನ್ ಆಗಿದೆ. ಅಲ್ಲಿ ಎಷ್ಟು ಸಾಯ್ತಿರಬೇಕು ಹಂಗಾದ್ರೆ? ಅದು ಅಷ್ಟಗಲ.

ವಡ್ಡಹಳ್ಳಿ_ಲೋಡು
ಅಲ್ಲಿ ಟೋಲ್ ಕಟ್ಟಿ ನಾವೇ ಸಾಯ್ತಿದೀವಿ.

ರಾಯಲ್ಪಾಡು_ಬುಲೆಟ್
ಬೈಕಿಗೆ ಅಲ್ಲಿ ಬಿಡಲ್ಲ ಅನ್ನೋದೇ ಮೋಸ. ನಮ್ಮ ಜಮೀನು ಬೇಕು, ನಮ್ಮ ಬೈಕು ಬೇಡ.

ಕೆಜಿಎಫ್_ಕಾರ್ತಿ
ಬಿಟ್ಟಿದ್ರೆ ನಿನ್ನಂಥೋರು ರಾಂಗ್ ಸೈಡಲ್ಲಿ ಬರ್ತಿದ್ರಿ.

ವೇದಿಕೆ_ನಿರ್ವಾಹಕ
ಎಕ್ಸ್‌ಪ್ರೆಸ್‌ವೇಗೆ ಬೇರೆ ಚರ್ಚೆ ಇದೆ. ಇಲ್ಲಿ ಬಾವಲಿ ಮಾತ್ರ. ಆಮೇಲಿನ ನಾಲ್ಕು ಕಾಮೆಂಟ್ ತೆಗೆದಿದ್ದೇನೆ, ಯಾರವು ಅಂತ ಅವರಿಗೆ ಗೊತ್ತು.

ಮುಸ್ಸಂಜೆ
ಕಾರ್ತಿ ಅವರ ಪ್ರಶ್ನೆಗೆ: ತುಂಬಾ ಅಗಲದ ರಸ್ತೆಯಲ್ಲಿ ಸಾವು ಕಡಿಮೆ ಕಾಣಬಹುದು, ಯಾಕೆಂದರೆ ದಾಟುವ ಧೈರ್ಯವನ್ನೇ ಬಾವಲಿ ಮಾಡಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಗಾಡಿ ಬರುತ್ತಿದ್ದಾಗ ರಸ್ತೆ ಹತ್ತಿರ ಬಂದ ಬಾವಲಿಗಳಲ್ಲಿ ನೂರಕ್ಕೆ 60 ವಾಪಸ್ ತಿರುಗಿದವು. ಬ್ರಿಟನ್‌ನ ಒಂದು ಮೋಟಾರುಮಾರ್ಗದ ಪಕ್ಕಕ್ಕಿಂತ 1.6 ಕಿ.ಮೀ. ದೂರದಲ್ಲಿ ಬಾವಲಿ ಓಡಾಟ ಮೂರು ಪಟ್ಟಿಗೂ ಹೆಚ್ಚು ಇತ್ತು. ಸತ್ತಿದ್ದು ಕಾಣಲಿಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ. ಆ ಕಡೆ ಮೇವು, ಈ ಕಡೆ ಮನೆ ಆಗಿಬಿಡುತ್ತದೆ.

ಚಿಂತಾಮಣಿ_ಚಿಕ್ಕು
ಸರಿ ಮೇಡಂ, ಕಾರಣ ಸಾಕು. ಪರಿಹಾರ ಏನು? ರಸ್ತೆ ಮುಚ್ಚೋಕಾಗಲ್ಲ.

ಸುಮ್ನೆ_ಒಬ್ಬ
ಹಂಪ್ ಹಾಕಿ.

ವಡ್ಡಹಳ್ಳಿ_ಲೋಡು
ಬೇಡ ಸ್ವಾಮಿ! ಹಂಪಿಗೆ ನಮ್ಮ ಟೊಮೆಟೊ ಕ್ರೇಟು ಕೆಳಗಿನವೆಲ್ಲ ಜ್ಯೂಸ್ ಆಗುತ್ತೆ. ಬಣ್ಣ ಬಳಿಯದ ಹಂಪು ಬೇರೆ, ಬಾವಲಿ ಬದಲು ಬೈಕಿನವರು ಸಾಯ್ತಾರೆ.

ಮುಸ್ಸಂಜೆ
ಏನು ಕೆಲಸ ಮಾಡಲ್ಲ ಅನ್ನುವುದು ಮೊದಲು ಹೇಳುತ್ತೇನೆ. ಬ್ರಿಟನ್‌ನಲ್ಲಿ ರಸ್ತೆ ಮೇಲೆ ಎತ್ತರದಲ್ಲಿ ಸಾಲಾಗಿ ತಂತಿ ಕಟ್ಟಿ, ಬಾವಲಿ ಅದನ್ನು ಮರದ ಸಾಲು ಅಂದುಕೊಂಡು ಮೇಲೆ ಹೋಗುತ್ತೆ ಅಂತ ದೊಡ್ಡ ದುಡ್ಡು ಸುರಿದರು. 2012ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ನೋಡಿದರೆ ಹೆಚ್ಚಿನ ಬಾವಲಿಗಳು ಅದರ ಕೆಳಗೆ, ಗಾಡಿ ಮಟ್ಟದಲ್ಲೇ ಹೋಗುತ್ತಿದ್ದವು. ಒಂದು ಕಡೆ ಕಟ್ಟಿ ಒಂಬತ್ತು ವರ್ಷ ಆಗಿದ್ದರೂ ಅಭ್ಯಾಸ ಆಗಿರಲಿಲ್ಲ. ಬಾವಲಿಯ ಹಳೇ ದಾರಿಯಲ್ಲೇ ಸಿಕ್ಕಿದ ಅಂಡರ್‌ಪಾಸ್‌ಗಳನ್ನು ಮಾತ್ರ ಚೆನ್ನಾಗಿ ಬಳಸಿದವು. ದಾರಿಯನ್ನು ನಮ್ಮ ಅನುಕೂಲಕ್ಕೆ ಸರಿಸಿದರೆ ಅವು ಬರಲ್ಲ.

ತೋಪಿನಮನೆ ಅವರ ಜಾಗಕ್ಕೆ ನನಗೆ ಹೊಳೆಯುವುದು ಇಷ್ಟು. ಉಳಿದ ಹೊಂಗೆಗಳ ಮೇಲಿನ ಕೊಂಬೆ ಕಡಿಯದಂತೆ ನೋಡಿಕೊಳ್ಳಬೇಕು. ಖಾಲಿಯಾದ ಕಡೆ ಬೇಗ ಎತ್ತರ ಬೆಳೆಯುವ ಮರ ನೆಡಬೇಕು. ರಸ್ತೆ ಅಂಚಿಗೆ ಅತ್ತಿ, ನೇರಳೆ, ಗಸಗಸೆ ಹಣ್ಣಿನ ಮರ ಬೇಡ. ಹಣ್ಣಿನ ಮರ ತೋಪಿನ ಒಳಗಿರಲಿ. ಏರಿ ಕೊನೆಗೆ ಹೊಸ ಲೈಟು ಬೇಡ.

ಮೇಷ್ಟ್ರು_ಮುಳಬಾಗಿಲು
ಸಾಲುಮರ ಅಂದರೆ ನೇರಳೆ, ಅತ್ತಿ, ಆಲ ಅಂತಲೇ ನಾವು ಬೆಳೆದಿದ್ದು. ದಾರಿಹೋಕರಿಗೆ ನೆರಳು, ಹಣ್ಣು. ಅದನ್ನ ಬೇಡ ಅನ್ನೋದಕ್ಕೆ ನನಗೆ ಮನಸ್ಸು ಬರಲ್ಲ. ಗಾಡಿ ನಿಧಾನ ಹೋಗಲಿ ಅನ್ನಿ, ಮರ ಬೇಡ ಅನ್ನಬೇಡಿ.

ಮುಸ್ಸಂಜೆ
ಸಾರ್, ಇರುವ ಮರ ಕಡಿಯಿರಿ ಅಂತ ನಾನು ಹೇಳಿಲ್ಲ. ಹೊಸದಾಗಿ ನೆಡುವಾಗ ಅಂದೆ. ಹಣ್ಣಿನ ಮರ ರಸ್ತೆ ಅಂಚಿಗೇ ಇದ್ದರೆ ಪುಟ್ಟ ಹಣ್ಣು ಬಾವಲಿ ಅಲ್ಲಿಗೇ ಬರುತ್ತೆ.

ಮೇಷ್ಟ್ರು_ಮುಳಬಾಗಿಲು
ಆದರೂ ನಾನು ಒಪ್ಪಲ್ಲ. ಇರಲಿ.

ತೋಪಿನಮನೆ
ನಿನ್ನೆ ರಜೆ ಇತ್ತು. ಸಂಜೆ ತಮ್ಮನ ಜೊತೆ ಏರಿ ಕೊನೆಯಲ್ಲಿ ಕೂತು ನೋಡಿದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ನಮ್ಮ ಕೆರೆ ಒಣಗಿಲ್ಲ, ನೀರ ಮೇಲೆ ಸಂಜೆ ಹೊತ್ತು ಹುಳ ಕಿಕ್ಕಿರಿದಿರುತ್ತೆ.

ಸಣ್ಣವು ಹೊಂಗೆ ಸಾಲಿನ ಪಕ್ಕದಲ್ಲೇ ಬಂದವು. ಮರ ಕಡಿದ ಜಾಗ ಬಂತು ನೋಡಿ, ಅಲ್ಲಿ ತಟ್ಟನೆ ಕೆಳಗಿಳಿದು, ರಸ್ತೆ ದಾಟಿ, ಏರಿ ಕಲ್ಲಿನ ಮೇಲಿಂದ ನೀರಿಗೆ. ಎಲ್ಲವೂ ಅದೇ ಗ್ಯಾಪಿನಲ್ಲಿ. ನಮ್ಮ ಎದೆ ಮಟ್ಟಕ್ಕಿಂತ ಕೆಳಗೆ ಹಾರಿದವೂ ಇದ್ದವು. ಹಾಲಿನ ವ್ಯಾನು ಬಂದಾಗ ಕೆಲವು ತಿರುಗಿ ಹೋದವು, ಒಂದು ಬಂಪರ್ ಮುಂದೆಯೇ ಹಾದು ಹೋಯಿತು.

ದೊಡ್ಡವು ತುಂಬಾ ಎತ್ತರದಲ್ಲಿ ಬಂದವು, ಅವುಗಳ ಬಗ್ಗೆ ಲೈನ್‌ಮ್ಯಾನ್ ಸಾರ್ ಹೇಳಿದ್ದೇ ಸರಿ ಅನ್ನಿಸುತ್ತಿತ್ತು. ಆಮೇಲೆ ನೋಡಿದರೆ ಕೆರೆಗೆ ಇಳಿದು, ಹಾರುತ್ತಲೇ ಹೊಟ್ಟೆಯನ್ನು ನೀರಿಗೆ ಉಜ್ಜಿ ಎದ್ದವು. ಎದ್ದ ಮೇಲೆ ಏರಿಯನ್ನು ದಾಟುವಾಗ ಮೈ ಭಾರ, ಎತ್ತರ ಇಲ್ಲ. ಲಾರಿ ಕ್ಯಾಬಿನ್ ಮಟ್ಟ ಇರಬೇಕು.

ಮುಸ್ಸಂಜೆ
ಅವು ನೀರು ಕುಡಿಯುವುದೇ ಹಾಗೆ! ಎದೆಯ ತುಪ್ಪಳ ಒದ್ದೆ ಮಾಡಿಕೊಂಡು ಹೋಗಿ ಕೊಂಬೆಗೆ ಜೋತುಬಿದ್ದು ನೆಕ್ಕುತ್ತವೆ. ಸೆಖೆಯ ಸಂಜೆ ಜಾಸ್ತಿ. ಕೆರೆಗೂ ರಸ್ತೆಗೂ ನಡುವೆ ಮರ ಇದ್ದರೆ ಮೇಲೆ ಏರಿ ಹೋಗುತ್ತವೆ. ನಿಮ್ಮ ಏರಿ ಬೋಳು ಅಲ್ವಾ?

ತೋಪಿನಮನೆ
ಪೂರ್ತಿ ಬೋಳು. ಏರಿ ಮೇಲೆ ಮರ ನೆಟ್ಟರೆ ಬೇರು ಏರಿಯನ್ನು ಸಡಿಲ ಮಾಡುತ್ತೆ ಅಂತ ಊರಲ್ಲಿ ಬಿಡಲ್ಲ.

ಕಂಬದಮೇಲಿನವ
ಅದು ಸರಿಯೇ. ಏರಿ ಮೇಲೆ ನೆಡಬೇಡಿ. ಏರಿ ಕೆಳಗೆ, ರಸ್ತೆಯ ಆ ಕಡೆ ನೆಡಿ. ಆದರೆ ನನ್ನ ಲೈನಿನ ಕೆಳಗೆ ನೆಡಬೇಡಿ, ಮಳೆಗಾಲಕ್ಕೆ ಮುಂಚೆ ನಾವೇ ಬಂದು ಕಡಿಯಬೇಕಾಗುತ್ತೆ. ಸುಟ್ಟ ಗುರುತು ನೋಡಿದಿರಾ?

ತೋಪಿನಮನೆ
ಇವತ್ತು ಬೆಳಗ್ಗೆ ಒಂದು ದೊಡ್ಡದು ಸಿಕ್ಕಿತು, ತೋಪಿನ ಕಡೆ. ರೆಕ್ಕೆ ತುದಿ ಕರಕಲಾಗಿತ್ತು. ಅದು ನಿಮ್ಮದೇ ಸಾರ್.

ಕಂಬದಮೇಲಿನವ
ಗೊತ್ತಿತ್ತು. ಕಂಬದ ನಂಬರ್ ಕಳಿಸಿ. ಆ ಕಡೆ ತಂತಿಗೆ ಕವರ್ ಹಾಕೋಕೆ ಆಗುತ್ತಾ ಅಂತ ಕೇಳಿ ನೋಡುತ್ತೇನೆ, ಭರವಸೆ ಕೊಡಲ್ಲ.

ಬಾದಾಮಿತೋಟ
ಏರಿ ಕೆಳಗೆ ನೆಡೋಕೆ ಹೊಂಗೆ ಸಸಿ ನಮ್ಮ ತೋಟದಲ್ಲಿ ಬೇಕಾದಷ್ಟು ತಾನಾಗೇ ಎದ್ದಿವೆ. ಬಂದು ಕಿತ್ತುಕೊಂಡು ಹೋಗಿ. ಬಾವಲಿಗಲ್ಲ, ನೆರಳಿಗೆ ಕೊಡ್ತಿರೋದು.

ವಡ್ಡಹಳ್ಳಿ_ಲೋಡು
ಸಸಿ ಸಾಗಿಸೋಕೆ ಗಾಡಿ ಬೇಕಿದ್ರೆ ಭಾನುವಾರ ಬೆಳಗ್ಗೆ ಖಾಲಿ ಬರ್ತೀನಿ. ಡೀಸೆಲ್ ನಿಮ್ಮದು.